‘ಸುದ್ದಿ ಇಲ್ಲ’ ಎಂದು ಬರೆದವರು

ರೈಟರು ಯಾವ ತಿರುವನ್ನೂ ಕೆಮ್ಮದೆ ದಾಟಿದವರಲ್ಲ. ಅಮ್ಮತ್ತಿಯ ಪೇಟೆಯೊಳಗೆ, ಹಗಲು ಹನ್ನೆರಡು ಗಂಟೆಗೆ, ದಿನಸಿ ಅಂಗಡಿಯ ಮೂಲೆ ತಿರುಗುವಾಗಲೂ ಒಮ್ಮೆ ಗಟ್ಟಿಯಾಗಿ ಕೆಮ್ಮಿ, ಎರಡು ಕ್ಷಣ ನಿಂತು, ಆಮೇಲೆ ಹೆಜ್ಜೆ ಇಡುತ್ತಿದ್ದರು. ಅಂಗಡಿಯವರು ಒಳಗಿನಿಂದಲೇ “ಬನ್ನಿ ರೈಟ್ರೇ, ಇಲ್ಲಿ ಆನೆ ಇಲ್ಲ” ಎಂದು ನಗುತ್ತಿದ್ದರು. ಅವರೂ ನಗುತ್ತಿದ್ದರು. ಮುಂದಿನ ತಿರುವಿನಲ್ಲಿ ಮತ್ತೆ ಕೆಮ್ಮುತ್ತಿದ್ದರು.

ಅವರು ನಮ್ಮಲ್ಲಿಗೆ ಬರುವ ಮೊದಲು ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಬೆಳಿಗ್ಗೆ ಕೆಲಸದವರ ಹಾಜರಿ ಹಾಕಿ, ಯಾರು ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳಿ ಕಳಿಸುವ ಗುಮಾಸ್ತಿಕೆ ಅದು. ಊರು ಶನಿವಾರಸಂತೆ ಕಡೆ. ವಿಭೂತಿ ಹಚ್ಚದೆ ಮನೆ ಬಿಟ್ಟವರಲ್ಲ. ನಾನು ಅವರನ್ನು ನೋಡುವ ಹೊತ್ತಿಗೆ ಎಸ್ಟೇಟಿನ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ರೈಟರು. ನನಗೆ ಸಾರ್.

ಬೆಳೆಗಾರರ ಒಂದು ಸಣ್ಣ ಸಂಘದ ಆಫೀಸಿನಲ್ಲಿ, ಅಂಗಡಿಯೊಂದರ ಮಹಡಿ ಮೇಲೆ, ನಾನು ಕಂಪ್ಯೂಟರ್ ಆಪರೇಟರಾಗಿ ಸೇರಿದ್ದೆ. ಮೂರ್ನಾಡಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಸಂಘಕ್ಕೊಂದು ವೆಬ್‌ಸೈಟ್ ಇತ್ತು. ಸದಸ್ಯರು ಯಾರು ಬೇಕಾದರೂ ಪುಟ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು. ವಿಕಿ ಎನ್ನುತ್ತಾರಲ್ಲ, ಆ ಬಗೆಯದು. ಕಾಂಡಕೊರಕದ ಹುಳುವಿಗೆ ಏನು ಮಾಡಬೇಕು, ಮೆಣಸಿನ ಬಳ್ಳಿ ಯಾಕೆ ಹಳದಿಯಾಗುತ್ತದೆ, ಇಂಥವು ಅದರಲ್ಲಿ ತುಂಬಿದ್ದವು. ಸೈಟನ್ನು ನಡೆಸುವ ಎಂಜಿನ್ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು, ಪುಕ್ಕಟೆ ಸಿಗುವಂಥದ್ದು. ಅದಕ್ಕೆ ಬಾರದ ಕೆಲಸವನ್ನು ನಾವೇ ಫಂಕ್ಷನ್, ಅಂದರೆ ಆಜ್ಞೆಗಳ ಒಂದು ಸಣ್ಣ ಕಟ್ಟು, ಬರೆದು ಕಲಿಸಬಹುದು. ಹಾಗೆ ಕಲಿಸುತ್ತಿದ್ದವರು ರೈಟರು. ಐವತ್ತು ದಾಟಿದ ಮೇಲೆ ತಾವೇ ಓದಿ ಕಲಿತಿದ್ದರು.

ಕೋಡ್ ಬರೆಯುವುದನ್ನು ನಾನು ಕಾಲೇಜಿನಲ್ಲಿ ನೋಡಿದ್ದೆ. ಅವರ ಹಾಗೆ ಬರೆಯುವವರನ್ನು ನೋಡಿರಲಿಲ್ಲ. ಎಸ್ಟೇಟಿನಿಂದ ತಂದ ಹಳೆಯ ಹಾಜರಿ ಪುಸ್ತಕಗಳ ಖಾಲಿ ಹಾಳೆಗಳಲ್ಲಿ ಮೊದಲು ಪೆನ್ಸಿಲ್ಲಿನಿಂದ ಬರೆಯುತ್ತಿದ್ದರು. ಬರೆದದ್ದನ್ನು ಮೆಲ್ಲಗೆ ಬಾಯಿಬಿಟ್ಟು ಓದುತ್ತಿದ್ದರು. ಓದುತ್ತ ಓದುತ್ತ ಒಂದು ಕಡೆ ನಿಂತು, “ಇದಕ್ಕೆ ಏನೂ ಕೊಡ್ದಿದ್ರೆ ಏನ್ ಮಾಡ್ತದೆ?” ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. “ರಸ್ತೆ ಹೆಸ್ರು ತಪ್ಪು ಬರದ್ರೆ? ಸಂಜೆ ಐದನ್ನ ಬೆಳಿಗ್ಗೆ ಐದು ಅಂತ ಹಾಕುದ್ರೆ?” ಪ್ರತಿ ಪ್ರಶ್ನೆಗೂ ಹಣೆಯಲ್ಲಿ ಬೆವರು ಕಾಣುತ್ತಿತ್ತು. ಇಷ್ಟಕ್ಕೆಲ್ಲ ಇಷ್ಟು ಭಯ ಯಾಕೆಂದು ನನಗೆ ಒಳಗೊಳಗೇ ನಗು.

ಭಯ ಯಾಕೆಂದರೆ, ಆ ಫಂಕ್ಷನ್ನಿನ ಹೆಸರು ‘ಆನೆ’.

ನಮ್ಮ ಕಡೆ ಆನೆಗಳು ಕಾಡಿನಿಂದ ಬಂದು ಹೋಗುವ ಕಾಲ ಮುಗಿದಿದೆ. ಅವು ತೋಟದೊಳಗೇ ಇರುತ್ತವೆ, ಮರಿ ಹಾಕುತ್ತವೆ, ಕಾಫಿ ಹಣ್ಣು ತಿನ್ನುತ್ತವೆ. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ, ಶಾಲೆಯ ಜೀಪಿಗೆ, ಹಾಲಿನವರಿಗೆ ಯಾವ ರಸ್ತೆಯಲ್ಲಿ ಆನೆಯಿದೆ ಎಂದು ಗೊತ್ತಾಗಬೇಕು. ತೋಟಗಳ ಕಾವಲುಗಾರರು ಫೋನಿನಲ್ಲಿ ಹೇಳಿದ ಸುದ್ದಿಯನ್ನು ನಾವು ಒಂದು ಪಟ್ಟಿಯಲ್ಲಿ ತುಂಬಿಸುತ್ತಿದ್ದೆವು. ಪ್ರತಿ ರಸ್ತೆಗೂ ಒಂದೊಂದು ಪುಟ. ಆ ಪುಟವನ್ನು ಯಾರಾದರೂ ಮೊಬೈಲಿನಲ್ಲಿ ತೆರೆದ ಕೂಡಲೇ ರೈಟರ ಫಂಕ್ಷನ್ ಪಟ್ಟಿಯನ್ನೆಲ್ಲ ಹುಡುಕಿ, ಆ ರಸ್ತೆಯ ಬಗ್ಗೆ ದೊಡ್ಡ ಅಕ್ಷರದಲ್ಲಿ ಒಂದು ಉತ್ತರ ಕೊಡುತ್ತಿತ್ತು. ಉತ್ತರಗಳು ಮೂರೇ. ಹೊಸ ಸುದ್ದಿ ಇದ್ದರೆ ‘ಆನೆ ಇದೆ’. ನಿನ್ನೆಯದಾದರೆ ‘ಆನೆ ಇತ್ತು’. ಪಟ್ಟಿಯಲ್ಲಿ ಏನೂ ಇಲ್ಲದಿದ್ದರೆ ‘ಸುದ್ದಿ ಇಲ್ಲ’.

“ಸಾರ್, ಇದು ಜನಕ್ಕೆ ಅರ್ಥ ಆಗಲ್ಲ. ‘ಆನೆ ಇಲ್ಲ’ ಅಂತ ಹಸಿರಲ್ಲಿ ಹಾಕೋಣ” ಎಂದೆ ನಾನು.

“ಆನೆ ಇಲ್ಲ ಅಂತ ನಿನಗೆ ಯಾರಮ್ಮ ಹೇಳಿದ್ದು?”

“ಪಟ್ಟಿಯಲ್ಲಿ ಇಲ್ವಲ್ಲ ಸಾರ್.”

“ಪಟ್ಟೀಲಿಲ್ಲ. ತೋಟದಲ್ಲಿಲ್ಲ ಅಂತ ಯಾರು ಹೇಳಿದ್ದು?”

ಇದರ ಹಿಂದಿನ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಮಧ್ಯಾಹ್ನ ಕರೆಂಟು ಹೋಗಿ ಇಬ್ಬರೂ ಸುಮ್ಮನೆ ಕೂತಿದ್ದೆವು. ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. ಎಸ್ಟೇಟಿನಲ್ಲಿ ಒಂದು ದಿನ ಬೆಳಿಗ್ಗೆ ಹಣ್ಣು ಕೊಯ್ಯಲು ಹನ್ನೊಂದು ಜನರ ಹಾಜರಿ ಹಾಕಿ, ಕಾವಲುಗಾರನನ್ನು “ಕೆಳಗಿನ ಬ್ಲಾಕಲ್ಲಿ ಏನಾದ್ರೂ ಉಂಟಾ?” ಎಂದು ಕೇಳಿದ್ದರು. “ಇಲ್ಲ” ಎಂದನಂತೆ. ಅವನು ಸುಳ್ಳನಲ್ಲ; ಅವನು ನೋಡಿದಾಗ ಇರಲಿಲ್ಲ. ಇವರು ಕಳಿಸಿದರು. ಸಂಜೆ ಹಾಜರಿ ಮುಚ್ಚುವಾಗ ಹತ್ತು ಜನ.

“ಅವ್ಳ ಹೆಸ್ರು ನಾನೇ ಬರ್ದಿದ್ದೆ ಕಣಮ್ಮ. ಮಸಿ ಇನ್ನೂ ಒಣಗಿರ್ಲಿಲ್ಲ ಅನ್ಸ್ತದೆ” ಎಂದರು. ಕರೆಂಟು ಬಂತು. ಕನ್ನಡಕ ಹಾಕಿಕೊಂಡು ಪೆನ್ಸಿಲ್ ಎತ್ತಿಕೊಂಡರು.

ಕೂತಲ್ಲೇ ಬರೆದು ಬಿಟ್ಟುಬಿಡುವ ಜಾಯಮಾನವೂ ಅವರದಲ್ಲ. ಪುಟ ಸಿದ್ಧವಾದ ಮೇಲೆ, ಅದನ್ನು ಓದುವವರ ಫೋನಿನಲ್ಲೇ ನೋಡಬೇಕೆಂದು ನನ್ನನ್ನು ಕರೆದುಕೊಂಡು ಒಂದು ಎಸ್ಟೇಟಿನ ಲೈನಿಗೆ ಹೊರಟರು. ಲೈನೆಂದರೆ ಕೆಲಸದವರ ಸಾಲುಮನೆಗಳು. ಅಲ್ಲಿ ಸರೋಜಕ್ಕ ಎಂಬವರಿದ್ದರು. ಹಣ್ಣು ಕೊಯ್ಯುವ ಹೆಂಗಸರ ಗುಂಪಿಗೆ ಅವರೇ ಮೇಸ್ತ್ರಿ. ಬೆಳಿಗ್ಗೆ ಹತ್ತು ಗಂಟೆ, ಬಿಸಿಲು ಬಂದಿತ್ತು. ತೋಟದ ರಸ್ತೆಯಲ್ಲಿ ಅರ್ಧ ಹೋಗಿರಬಹುದು, ರೈಟರು ಕೆಮ್ಮಿ ನಿಂತವರು ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ ನನ್ನನ್ನು ತಡೆದರು. ರಸ್ತೆಯ ನಡುವೆ ಲದ್ದಿ ಬಿದ್ದಿತ್ತು. ಅದರಿಂದ ಹಬೆ ಏಳುತ್ತಿತ್ತು.

ಇಬ್ಬರೂ ಒಂದು ಸಿಲ್ವರ್ ಓಕ್ ಮರಕ್ಕೆ ಬೆನ್ನು ಕೊಟ್ಟು ನಿಂತೆವು. ನನಗೆ ಏನೂ ಕಾಣುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಅದೇ ಹೆದರಿಕೆ. ಅಷ್ಟು ದೊಡ್ಡ ಪ್ರಾಣಿ ಸದ್ದಿಲ್ಲದೆ ಹೇಗೆ ಇರುತ್ತದೆ? ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ವಾಸನೆಯಂಥದ್ದು, ಅದಕ್ಕಿಂತ ಖಾರವಾದದ್ದು, ಮೂಗಿಗೆ ಬಡಿಯಿತು. ಕಾಫಿ ಗಿಡಗಳ ಆಚೆ, ತೀರಾ ಹತ್ತಿರದಲ್ಲಿ, ಯಾರೋ ದೊಡ್ಡದಾಗಿ ಉಸಿರು ಬಿಟ್ಟಂತಾಯಿತು. ರೈಟರ ಕೈ ನನ್ನ ಮಣಿಕಟ್ಟಿನ ಮೇಲಿತ್ತು. ಇಪ್ಪತ್ತು ನಿಮಿಷ ಹಾಗೇ ನಿಂತಿದ್ದೆವು. ಕೊನೆಗೆ ದೂರದಲ್ಲಿ ಕೊಂಬೆ ಮುರಿದ ಸದ್ದು ಕೇಳಿದ ಮೇಲೆ ಅವರು ಕೈ ತೆಗೆದರು. “ನಡಿ. ಮೊದ್ಲು ಪಟ್ಟಿಗೆ ಹಾಕು” ಎಂದರು. ನಾನು ರಸ್ತೆಯ ಹೆಸರನ್ನೇ ಎರಡು ಸಲ ತಪ್ಪು ಒತ್ತಿದೆ. ಅವರೇ ಹಾಕಿದರು. ಹಾಕಿ, ರಸ್ತೆಯ ಪುಟ ತೆರೆದು, ‘ಆನೆ ಇದೆ’ ಎಂದು ಬಂದದ್ದನ್ನು ಎರಡು ಸಲ ನೋಡಿದರು.

ಸರೋಜಕ್ಕನ ಫೋನಿನ ಗಾಜು ಒಡೆದಿತ್ತು. ಆದರೂ ಅಕ್ಷರ ಓದಲು ಬರುತ್ತಿತ್ತು. “ಸುದ್ದಿ ಇಲ್ಲ ಅಂತ ಬಂದ್ರೆ ಏನ್ ಮಾಡ್ತೀಯ ಸರೋಜ?” ಎಂದು ಕೇಳಿದರು.

“ನಿಂತು, ತಟ್ಟೆ ಬಡ್ದು, ಕಿವಿಕೊಟ್ಟು ಹೋಗ್ಬೇಕು ಅಂತ ನೀವೇ ಹೇಳಿದ್ದಲ್ಲ ರೈಟ್ರೇ. ಎಷ್ಟು ಸಲ ಹೇಳ್ತೀರ.”

“ಇನ್ನೊಂದ್ಸಲ ಹೇಳು.”

ಅವರು ಇನ್ನೊಂದು ಸಲ ಹೇಳಿದರು.

ನಾನು ಮಾಡಿದ್ದನ್ನು ಈಗ ಹೇಳಬೇಕು. ಇಷ್ಟು ಹೊತ್ತೂ ಅದನ್ನು ತಪ್ಪಿಸಿಕೊಂಡೇ ಬರೆಯುತ್ತಿದ್ದೇನೆ.

ಮುಂದಿನ ಹಣ್ಣಿನ ಕಾಲಕ್ಕೆ ಪುಟ ನೋಡುವವರು ಬಹಳ ಹೆಚ್ಚಾದರು. ಪ್ರತಿಯೊಬ್ಬರು ತೆರೆದಾಗಲೂ ಫಂಕ್ಷನ್ ಇಡೀ ಪಟ್ಟಿಯನ್ನು ಹೊಸದಾಗಿ ಹುಡುಕಬೇಕು. ನಮ್ಮ ಕಡೆಯ ನೆಟ್‌ವರ್ಕ್ ಬೇರೆ ಕೇಳುವುದೇ ಬೇಡ. ಪುಟ ತೆರೆಯಲು ಒಂದೊಂದು ಸಲ ಎರಡು ನಿಮಿಷವಾಗುತ್ತಿತ್ತು. ಅಧ್ಯಕ್ಷರು ಆಫೀಸಿಗೆ ಬಂದು, “ಇದು ತೆರೆಯೋದ್ರೊಳಗೆ ಆನೆಯೇ ಮನೆಬಾಗಿಲಿಗೆ ಬಂದು ನಿಲ್ತದೆ. ಏನಾದ್ರೂ ಮಾಡಿ” ಎಂದು ಹೇಳಿ ಹೋದರು. ರೈಟರು ಆಗ ಇರಲಿಲ್ಲ. ಅಣ್ಣನ ಮಗಳ ಮದುವೆಗೆ ಊರಿಗೆ ಹೋಗಿದ್ದರು. ನಾನು ಅವರ ಫೈಲ್ ತೆರೆದೆ. ಒಂದು ಕಡೆ ಒಂಟಿಯಾಗಿ ಒಂದು ಸಾಲಿತ್ತು. ಪುಟದ ಪ್ರತಿ ಎತ್ತಿಡಬೇಡ ಎಂದು ಎಂಜಿನ್ನಿಗೆ ಹೇಳುವ ಸಾಲು. ಯಾಕೆ ಎಂದು ಅಲ್ಲಿ ಬರೆದಿರಲಿಲ್ಲ. ಇಂಥ ಸಾಲಿನಿಂದ ಸೈಟು ನಿಧಾನವಾಗುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿದ್ದೆ. ತೆಗೆದೆ. ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಅಧ್ಯಕ್ಷರು ಫೋನ್ ಮಾಡಿ ಹೊಗಳಿದರು. ಆ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಾಡು ಕೇಳುತ್ತ ಮನೆಗೆ ಹೋದದ್ದು ನೆನಪಿದೆ.

ಆ ಸಾಲು ಯಾಕಿತ್ತೆಂಬುದು ಮೂರನೆಯ ದಿನ ಬೆಳಿಗ್ಗೆ ಗೊತ್ತಾಯಿತು. ಸರೋಜಕ್ಕನವರ ರಸ್ತೆಯಲ್ಲಿ ಒಂಟಿ ಸಲಗ ಬಂದಿದೆ ಎಂದು ಕಾವಲುಗಾರ ಫೋನ್ ಮಾಡಿದ. ನಾನು ಮನೆಯಲ್ಲಿ ಕಾಫಿ ಕುಡಿಯುತ್ತ, ಫೋನಿನಲ್ಲೇ ಪಟ್ಟಿಗೆ ಸೇರಿಸಿದೆ. ಪಟ್ಟಿಯಲ್ಲಿ ಬಂತು. ಸಾಕೆಂದು ಸುಮ್ಮನಾದೆ. ರಸ್ತೆಯ ಪುಟ ತೆರೆದು ನೋಡಲಿಲ್ಲ. ಎಂಜಿನ್ ಹಿಂದಿನ ದಿನ ಕಟ್ಟಿದ ಪುಟದ ಪ್ರತಿಯನ್ನು ಎತ್ತಿಟ್ಟುಕೊಂಡಿತ್ತು. ಫಂಕ್ಷನ್ನನ್ನು ಕೇಳುವ ಗೋಜಿಗೇ ಹೋಗದೆ, ಕೇಳಿದವರಿಗೆಲ್ಲ ಅದನ್ನೇ ತೋರಿಸುತ್ತಿತ್ತು. ‘ಸುದ್ದಿ ಇಲ್ಲ.’

ವಿರಾಜಪೇಟೆಯಲ್ಲಿ ಬಸ್ಸು ಬದಲಿಸುವಾಗ ಆಫೀಸಿನಿಂದ ಫೋನ್ ಬಂತು. ಸರೋಜಕ್ಕನ ಗುಂಪಿನ ಮೇಲೆ ಆನೆ ಬಂದಿದೆ, ಸರೋಜಕ್ಕ ಆಸ್ಪತ್ರೆಯಲ್ಲಿದ್ದಾರೆ ಎಂದರು. ನಾನು ನಿಂತಲ್ಲೇ ಆ ರಸ್ತೆಯ ಪುಟ ತೆರೆದೆ. ‘ಸುದ್ದಿ ಇಲ್ಲ’ ಎಂದಿತ್ತು. ಮತ್ತೆ ತೆರೆದೆ. ಹಾಗೇ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನ, ಅಷ್ಟು ಗಲಾಟೆ. ನನ್ನ ಕಿವಿಗೆ ಏನೂ ಬೀಳಲಿಲ್ಲ. ಎಷ್ಟು ಜನ, ಬದುಕಿದ್ದಾರಾ ಎಂದು ತಿರುಗಿ ಫೋನ್ ಮಾಡಿ ಕೇಳುವ ಧೈರ್ಯ ನನಗಿರಲಿಲ್ಲ.

ಯಾರೂ ಸಾಯಲಿಲ್ಲ. ಹೆಂಗಸರು ತೋಟದ ಬಾಯಲ್ಲಿ ನಿಂತು ತಟ್ಟೆ ಬಡಿದಿದ್ದರು, ಅದರಿಂದ ಆನೆ ಇಪ್ಪತ್ತು ಮಾರು ದೂರದಲ್ಲೇ ಹೊರಗೆ ಬಂದಿತ್ತು. ಎಲ್ಲರೂ ಓಡಿದರು. ಕೊನೆಯಲ್ಲಿದ್ದ ಸರೋಜಕ್ಕ ಬಸಿಗಾಲುವೆಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆನೆ ಅವರ ತಲೆಯ ಹತ್ತಿರ ನಿಂತು, ಹಣ್ಣಿನ ಚೀಲವನ್ನು ಕಾಲಿನಿಂದ ಒತ್ತಿ, ಹೋಯಿತಂತೆ. ಆಮೇಲೆ ಅವರು ಹಣ್ಣು ಕೊಯ್ಯಲು ಹೋಗಲೇ ಇಲ್ಲ.

ಆಫೀಸಿಗೆ ಬಂದವಳೇ, ಯಾರೂ ನೋಡುವ ಮೊದಲು ಆ ಸಾಲನ್ನು ವಾಪಸು ಹಾಕಿದೆ.

ರೈಟರು ಮಧ್ಯಾಹ್ನದ ಬಸ್ಸಿಗೆ ಬಂದರು. ಮದುವೆಯ ಹೊಸ ಪಂಚೆಯಲ್ಲೇ ಇದ್ದರು. ಕಂಪ್ಯೂಟರ್ ಮುಂದೆ ಕೂತು ಫೈಲ್ ತೆರೆದು, ಮೇಲಿನಿಂದ ಕೆಳಗಿನವರೆಗೆ ಓದಿದರು. ಎಲ್ಲ ಸರಿಯಾಗಿತ್ತು. ಹಿಂದಕ್ಕೊರಗಿ, ನನ್ನ ಕಡೆ ತಿರುಗದೆಯೇ ಕೇಳಿದರು.

“ಈ ಫೈಲು ಯಾರಾದ್ರೂ ಮುಟ್ಟಿದ್ರಾ?”

“ಇಲ್ಲ ಸಾರ್” ಎಂದೆ.

ಫೈಲನ್ನು ಕೊನೆಯ ಸಲ ತಿದ್ದಿದ ದಿನ, ಗಂಟೆ, ನಿಮಿಷ ಅವರ ಕಣ್ಣ ಮುಂದೆಯೇ ಇತ್ತು. ಅದನ್ನು ನೋಡಿದರು. ನಾನು ನೋಡುತ್ತಿರುವುದೂ ಅವರಿಗೆ ಗೊತ್ತಿತ್ತು. ಮೆಲ್ಲಗೆ ಫೈಲ್ ಮುಚ್ಚಿದರು.

ವಾರದ ನಂತರ ಸಂಘದ ಸಭೆ ಸೇರಿತು. ಲೈನಿನಿಂದಲೂ ನಾಲ್ಕು ಜನ ಬಂದಿದ್ದರು. ಹೇಗಾಯಿತು ಎಂದು ಅಧ್ಯಕ್ಷರು ಕೇಳಿದರು. ರೈಟರು ಎದ್ದು ನಿಂತರು. ನನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ.

“ಪುಟದ ಹಳೇ ಪ್ರತಿ ಜನಕ್ಕೆ ಹೋಗ್ಬಿಟ್ಟದೆ. ಅದನ್ನ ತಡಿಯೋಕೆ ಒಂದು ಸಾಲಿತ್ತು. ಅದು ಯಾಕದೆ ಅಂತ ನಾನು ಬರ್ದಿಡ್ಲಿಲ್ಲ. ಬರೀಬೇಕಿತ್ತು. ಫಂಕ್ಷನ್ ನಂದು, ತಪ್ಪೂ ನಂದು.”

ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನಾನು ಎದ್ದು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಲೈನಿನಿಂದ ಬಂದ ಹೆಂಗಸೊಬ್ಬಳು ಅವರ ಮುಖಕ್ಕೆ, “ನಿಮ್ಮನ್ನ ನಂಬಿ ಹೋದ್ವಲ್ಲ ರೈಟ್ರೇ” ಎಂದಳು. ಅವರು ಕೈಮುಗಿದು ನಿಂತೇ ಇದ್ದರು.

ಆ ತಿಂಗಳ ಕೊನೆಗೆ ಕೆಲಸ ಬಿಟ್ಟರು. ಬಿಡುವ ಮೊದಲು ಒಂದು ವಾರ ಕೂತು, ಫೈಲಿನ ಪ್ರತಿ ಸಾಲಿನ ಮೇಲೂ ಅದು ಯಾಕಿದೆ ಎಂದು ಕನ್ನಡದಲ್ಲಿ ಬರೆದರು. ಆ ಸಾಲಿನ ಮೇಲೆ ಬರೆದದ್ದು ಹೀಗಿದೆ: “ಇದನ್ನು ತೆಗೆದರೆ ನಿನ್ನೆಯ ಸುದ್ದಿ ಇವತ್ತು ಕಾಣುತ್ತದೆ. ಪುಟ ನಿಧಾನವಾದರೆ ಆಗಲಿ.” ಅವರು ಬಾಯಿ ತೆರೆದಾಗಲೆಲ್ಲ ಈಗ ಕೇಳುತ್ತಾರೆ ಎಂದು ನನ್ನ ಜೀವ ಹೋಗುತ್ತಿತ್ತು. ಅವರು ಕೇಳಲಿಲ್ಲ. ಕೊನೆಯ ದಿನ ಚೀಲ ಹೆಗಲಿಗೆ ಹಾಕಿಕೊಂಡು, “ಹೆದ್ರಿಕೆ ಆಯ್ತದಾ?” ಎಂದರು.

“ಆಗ್ತದೆ ಸಾರ್.”

“ಆಗ್ಲಿ. ಅದು ಹೋದ್ ದಿನ ಈ ಕೆಲ್ಸ ಬಿಟ್ಬಿಡು.”

ಆಮೇಲೆ ನಾನು ಅವರನ್ನು ನೋಡಲಿಲ್ಲ. ನಾಲ್ಕು ವರ್ಷದ ಮೇಲೆ, ಕಳೆದ ಮಳೆಗಾಲ ಮುಗಿಯುವಾಗ, ತೀರಿಕೊಂಡರೆಂದು ತಿಳಿಯಿತು. ಶನಿವಾರಸಂತೆಗೆ ಹೋದೆ. ಅಮ್ಮತ್ತಿ ಕಡೆಯಿಂದ ನಾನೂ ಅಧ್ಯಕ್ಷರೂ ಬಿಟ್ಟರೆ ಯಾರೂ ಬಂದಿರಲಿಲ್ಲ. ವರ್ಷಗಟ್ಟಲೆ ಅವರು ಯಾರಿಗಾಗಿ ಬೆವರಿದ್ದರೋ ಆ ಲೈನಿನಿಂದ ಒಬ್ಬರೂ ಇರಲಿಲ್ಲ. ಸಮಾಧಿಗೆ ಮಣ್ಣು ಹಾಕುವಾಗ ನನಗೆ ಅಳು ಬರಲಿಲ್ಲ. ಅವರು ಇನ್ನು ಹೇಳಲಾರರು ಎಂಬ ನಿರಾಳ ಒಂದು ಗಳಿಗೆ ಬಂದು ಹೋಯಿತು. ನಾನು ಎಂಥವಳೆಂದು ಅವತ್ತು ಗೊತ್ತಾಯಿತು.

ಮಾರನೆಯ ದಿನವೇ ಲೈನಿಗೆ ಹೋದೆ. ಸರೋಜಕ್ಕ ಬಾಗಿಲಲ್ಲಿ ಕೋಲು ಪಕ್ಕಕ್ಕಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಸಾಲು ತೆಗೆದದ್ದು, ವಾಪಸು ಹಾಕಿದ್ದು, ಇಲ್ಲ ಎಂದದ್ದು. ಅವರು ಮೊರದಿಂದ ಕೈ ತೆಗೆಯಲಿಲ್ಲ.

“ಆಸ್ಪತ್ರೆಗೆ ಮೂರು ಸಲ ಬಂದಿದ್ರು ಅವ್ರು. ಮೂರು ಸಲಾನೂ ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ” ಎಂದರು. ಒಂದು ಕಲ್ಲು ಆರಿಸಿ ಎಸೆದರು. “ಆಮೇಲೆ ಇಲ್ಲಿಗೂ ಬಂದ್ರು. ಒಳಗೆ ಕೂತಿದ್ದು, ಸರೋಜ ಇಲ್ಲ ಅಂತ ಹೇಳ್ಸಿದೆ. ನೀನು ಆಗ್ಲೇ ಹೇಳಿದ್ರೆ ಏನ್ ಹೋಗ್ತಿತ್ತು?”

ನಾನು ಅವರ ಮುಂದೆ ನೆಲಕ್ಕೆ ಕೂತೆ.

“ನನಗೊಬ್ಳಿಗೆ ಹೇಳಿದ್ರೆ ಸಾಲಲ್ಲ. ಇಲ್ಲಿ ಎಲ್ರೂ ಅವ್ರನ್ನ ಬೈದವ್ರೇ.” ಕೋಲು ಊರಿ ಎದ್ದು, ಮನೆ ಮನೆಯ ಬಾಗಿಲು ತಟ್ಟಿ ಹೆಂಗಸರನ್ನು ಕರೆದರು. ಕೆಲಸ ಮುಗಿಸಿ ಬಂದಿದ್ದ ಹದಿನೈದು ಹದಿನಾರು ಜನ ಅಂಗಳದಲ್ಲಿ ಸೇರಿದರು. ಸಭೆಯಲ್ಲಿ ಏಳಲಾರದವಳು ಅಲ್ಲಿ ನಿಂತು ಎರಡನೆಯ ಸಲ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಹಿಂದೆ ನಿಂತಿದ್ದ ಒಬ್ಬಳು ಕೇಳಿದಳು:

“ಹಾಗಾದ್ರೆ ನಾಳೆ ಬೆಳಿಗ್ಗೆ ನಾವು ನಿಮ್ಮ ಪುಟ ನೋಡ್ಕಂಡೇ ತೋಟಕ್ಕೆ ಇಳೀಬೇಕಾ ಮೇಡಂ?”

ಸರೋಜಕ್ಕನ ನಂತರ ಆ ಗುಂಪಿಗೆ ಮೇಸ್ತ್ರಿಯಾದವಳು ಅವಳೇ ಎಂದು ಆಗ ಗೊತ್ತಾಯಿತು. ಹೆಸರು ಕೇಳಿದೆ, ಫೋನ್ ನಂಬರ್ ಬರೆದುಕೊಂಡೆ. ಅಂದಿನಿಂದ ದಿನವೂ ಬೆಳಿಗ್ಗೆ, ಹೆಂಗಸರು ಲೈನಿನಿಂದ ಹೊರಡುವ ಮೊದಲು, ನಾನೇ ಅವಳಿಗೆ ಫೋನ್ ಮಾಡುತ್ತೇನೆ. ನನ್ನ ಪಟ್ಟಿಯಲ್ಲಿ ಏನಿದೆ ಎಂದು ಹೇಳುವುದಿಲ್ಲ. “ನಿನ್ನ ಫೋನಲ್ಲಿ ಪುಟ ತೆಗಿ. ಏನ್ ಕಾಣ್ತದೆ, ಓದು” ಎನ್ನುತ್ತೇನೆ. ಅವಳಿಗೆ ಓದು ಅಷ್ಟಕ್ಕಷ್ಟೆ. ಒಂದೊಂದೇ ಅಕ್ಷರ ಕೂಡಿಸಿ, ನಿಧಾನವಾಗಿ ಓದುತ್ತಾಳೆ. ಅವಳು ಓದಿ ಮುಗಿಸುವವರೆಗೆ ನಾನು ಉಸಿರು ಹಿಡಿದು ನಿಂತಿರುತ್ತೇನೆ.